ಅಕ್ಕಿ ಡಬ್ಬಿಯ ಸ್ಟ್ರಾಬೆರಿ

"ಕೈ ತೆಗೀರಿ! ನನ್ನ ಗಿಡ ಮುಟ್ಬೇಡಿ!"

ಪ್ರಾರ್ಥನಾಳ ಕೂಗಿಗೆ ಗೇಟಿನ ಹತ್ತಿರ ಚಹಾ ಕುಡಿಯುತ್ತಿದ್ದ ಕಾವಲುಗಾರ ಕೂಡ ಎದ್ದು ನಿಂತ.

ಹಿತ್ತಿಲ ಪಾತಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದವನು ಮಾತ್ರ ಅಲ್ಲಾಡಲಿಲ್ಲ. ಅವನ ಅಂಗೈ ತುಂಬ ಪುಟ್ಟ ಬಿಳಿ ಹೂವುಗಳು... ಅವಳ ಸ್ಟ್ರಾಬೆರಿ ಗಿಡಗಳು ಬಿಟ್ಟಿದ್ದ ಮೊಟ್ಟಮೊದಲ ಹೂವುಗಳು!

ಮೈಸೂರು ಬಿಟ್ಟು ನೈರೋಬಿಗೆ ಬಂದು, ಗಿಗಿರಿಯ ಆಫೀಸು ಸೇರಿ, ಕಿಲೆಲೆಶ್ವಾದಲ್ಲಿ ಓಲಿಂಡಾ ಆಂಟಿಯ ಕೆಳಮನೆ ಹಿಡಿದು ಆರು ತಿಂಗಳಾಗಿತ್ತು. ಈ ಊರಲ್ಲಿ ಅವಳದು ಅಂತ ಇದ್ದದ್ದೇ ಆ ಹನ್ನೆರಡು ಗಿಡ.

"ಚಿವುಟ್ಲೇಬೇಕು ಮಾರಾಯ್ರೆ," ಎಂದ ಅವನು, ಹವಾಮಾನ ವರದಿ ಓದುವಷ್ಟು ತಣ್ಣಗೆ. "ಮೊದಲ ಹೂವು ಬಿಟ್ರೆ ಬೇರು ಗಟ್ಟಿ ಆಗುದಿಲ್ಲ. ಈಗ ತೆಗೆದ್ರೆ ಜುಲೈಯಲ್ಲಿ ಒಳ್ಳೆ ಹಣ್ಣು ಬರ್ತದೆ."

"ಯಾರ್ರೀ ನೀವು ಹೇಳೋಕೆ?"

"ಮೇಲಿನ ಮನೆಯವ. ನಿಮ್ಮ ಓಲಿಂಡಾ ಆಂಟಿಯ ಮಗ, ಫ್ಲೋಯ್ಡ್. ಕೆಲಸದ ಮೇಲೆ ಮೊಂಬಾಸಾದಲ್ಲಿದ್ದೆ. ನಿನ್ನೆ ಬಂದೆ."

"ಬಂದವರು ಸುಮ್ನೆ ಮೇಲಿರಿ!"

ಹೇಳಿ ಒಳಗೆ ಬಂದವಳಿಗೆ ಅಳು ಒತ್ತರಿಸಿತು. ಅಷ್ಟು ಸಿಟ್ಟಿನಲ್ಲೂ ಒಂದು ಮಾತ್ರ ಮನಸ್ಸಿಗೆ ಬಂತು: ಉಡುಪಿಯ ಕಡೆಯ ಕನ್ನಡ! ಈ ಕಟ್ಟಡದಲ್ಲಿ ಆಂಟಿ ಬಿಟ್ಟು ಇನ್ನೊಬ್ಬರು ತನಗೆ ಕನ್ನಡದಲ್ಲೇ ಉತ್ತರ ಕೊಟ್ಟರಲ್ಲ...

ಹದಿನೈದು ದಿನ ಅವನ ಮುಖ ನೋಡಲಿಲ್ಲ. ಗಿಡಗಳು ಮಾತ್ರ ಅವಳ ಪರ ನಿಲ್ಲಲಿಲ್ಲ. ಮೇ ತಿಂಗಳ ಮಳೆಗೆ ದಪ್ಪ ದಪ್ಪ ಎಲೆ ಬಿಟ್ಟು ಪಾತಿ ತುಂಬ ಹರಡಿದವು. ಒಂದು ಭಾನುವಾರ ಚರ್ಚಿನಿಂದ ಬರುತ್ತಿದ್ದವನನ್ನು ಅವಳೇ ತಡೆದಳು.

"ಸಾರಿ. ನೀವು ಹೇಳಿದ್ದು ನಿಜ."

"ಸಾರಿ ಸಾಕಾಗುದಿಲ್ಲ. ಮೈಸೂರು ಕಾಫಿ ಬೇಕು."

ಆಮೇಲೆ ಭಾನುವಾರಗಳೆಲ್ಲ ಪಾತಿಯ ಪಕ್ಕದಲ್ಲೇ ಕಳೆದವು. ನೀರಾವರಿ ಪೈಪುಗಳ ವ್ಯಾಪಾರಿ ಫ್ಲೋಯ್ಡ್, ಮಣ್ಣು ತೋಯುವ ಹದ ಕಲಿಸಿದ. ಹಣ್ಣು ನೆಲಕ್ಕೆ ತಾಗಿ ಕೊಳೆಯದಂತೆ ಗಿಡದ ಬುಡಕ್ಕೆ ಒಣಹುಲ್ಲು ಹಾಸಿದ. ಅವಳು ಸ್ವೆಟರ್ ಮೇಲೆ ಶಾಲು ಹೊದ್ದು, ಫಿಲ್ಟರ್ ಕಾಫಿ ಹಿಡಿದು ಕೂತು ಅವನ ಬಾಲ್ಯದ ಉಡುಪಿ ಕಥೆ ಕೇಳಿದಳು. ಹತ್ತನೇ ವಯಸ್ಸಿಗೆ ಇಲ್ಲಿಗೆ ಬಂದರೂ ಒಂದಕ್ಷರ ಮರೆತಿರಲಿಲ್ಲ ಅವನು!

ಜುಲೈ ಬಂತು. ಇಡೀ ದಿನ ಬಿಸಿಲೇ ಕಾಣದ ನೈರೋಬಿಯ ಚಳಿ. ಎಲೆಗಳ ಕೆಳಗೆ ನಾಲ್ಕು ಕಾಯಿ ದಪ್ಪವಾಗಿ, ತುದಿಯಲ್ಲಿ ನಸುಗೆಂಪು ಇಣುಕಿತು. ಅವನ್ನೇ ನೋಡುತ್ತ ಫ್ಲೋಯ್ಡ್ ಹೇಳಿದ:

"ಮೊದಲ ಹಣ್ಣು ಪೂರ್ತಿ ಕೆಂಪಾದ ದಿನ ನಿಮ್ಮ ಹತ್ರ ಒಂದು ಮಾತು ಕೇಳ್ಲಿಕ್ಕುಂಟು."

ಏನು ಮಾತು ಎಂದು ಅವಳು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಅವನ ಕಿವಿಯೇ ಆ ಕಾಯಿಗಿಂತ ಕೆಂಪಾಗಿತ್ತು!

ಆದರೆ ಬರುವ ಶನಿವಾರವೇ ಊರಿಗೆ ಅವಳ ವಿಮಾನ. ಅಕ್ಕನ ಮಗುವಿನ ನಾಮಕರಣ, ಮೂರು ವಾರದ ರಜೆ. ಭಾನುವಾರ ನೋಡಿದಳು, ಸೋಮವಾರ ನೋಡಿದಳು, ಕಾಯಿ ಇದ್ದ ಹಾಗೇ ಇತ್ತು. ಸಾಲದ್ದಕ್ಕೆ ಉದ್ದ ಬಾಲದ ಕಂದು ಹಕ್ಕಿಗಳು ಬೇಲಿಯ ಮೇಲೆ ಸಾಲಾಗಿ ಕೂತು ಹೊಂಚು ಹಾಕುತ್ತಿದ್ದವು.

'ನಾನು ಊರಲ್ಲಿದ್ದಾಗ ಹಣ್ಣಾದ್ರೆ? ಹಕ್ಕಿ ತಿಂದ್ಬಿಟ್ರೆ? ಆಗ ಆ ಮಾತು...?'

ಮಂಗಳವಾರ ಬೆಳಿಗ್ಗೆ, ಮೈಸೂರಿನ ಯಾವ ಹುಡುಗಿಗಾದರೂ ಹೊಳೆಯುವ ಉಪಾಯ ಅವಳಿಗೂ ಹೊಳೆಯಿತು. ನಾಲ್ಕನ್ನೂ ಕತ್ತರಿಯಿಂದ ನಾಜೂಕಾಗಿ ಕತ್ತರಿಸಿ, ಪೇಪರಿನಲ್ಲಿ ಸುತ್ತಿ, ಅಕ್ಕಿ ಡಬ್ಬಿಯೊಳಗೆ ಹೂತಿಟ್ಟಳು. ಅಮ್ಮ ಮಾವಿನಕಾಯಿ ಇಡುತ್ತಿದ್ದದ್ದು ಹಾಗೇ ತಾನೆ? ಶುಕ್ರವಾರದ ಹೊತ್ತಿಗೆ ಕೆಂಪಾಗಿಬಿಡುತ್ತದೆ. ತಾನೇ ತಟ್ಟೆಯಲ್ಲಿಟ್ಟುಕೊಂಡು ಮೇಲೆ ಹೋಗಬೇಕು...

ಅಂದು ಸಂಜೆ ಫ್ಲೋಯ್ಡ್ ಪಾತಿಯ ಹತ್ತಿರ ಬಂದ. ನೀಟಾಗಿ ಕತ್ತರಿಸಿದ ನಾಲ್ಕು ತೊಟ್ಟು ನೋಡಿದ. ಹಕ್ಕಿ ಕೆಲಸವಲ್ಲ, ಕತ್ತರಿಯ ಕೆಲಸ. ಕೆಂಪಾಗುವ ಮುಂಚೆಯೇ!

'ಆ ದಿನ ಬರುದೇ ಬೇಡ ಅಂತ...' ಎಂದುಕೊಂಡ. ಹಾಗೇ ಮೆಟ್ಟಿಲು ಹತ್ತಿ ಹೋದ.

ಬುಧವಾರ ಕೈ ಬೀಸಿದರೆ ನೋಡಲಿಲ್ಲ. ಗುರುವಾರ ಕಾಫಿಗೆ ಕರೆದರೆ ಬರಲಿಲ್ಲ.

'ಮನಸ್ಸು ಬದಲಾಯ್ತಾ ಇವರಿಗೆ?' ಎಂದುಕೊಂಡಳು ಪ್ರಾರ್ಥನಾ. ಸೂಟ್‌ಕೇಸಿಗೆ ಬಟ್ಟೆ ತುಂಬುವುದಕ್ಕೂ ಕೈ ಏಳಲಿಲ್ಲ.

ಶುಕ್ರವಾರ ಆಫೀಸಿನಿಂದ ಬಂದವಳೇ ಡಬ್ಬಿ ತೆರೆದಳು. ಅಕ್ಕಿ ಸರಿಸಿ, ಪೇಪರು ಬಿಡಿಸಿದಳು... ತುದಿಯ ನಸುಗೆಂಪು ಬಿಟ್ಟರೆ ಕಾಯಿಗಳು ಬಿಳಿಯಾಗಿಯೇ ಇದ್ದವು. ಜೊತೆಗೆ ಸುಕ್ಕು ಬೇರೆ!

ಬಾಗಿಲಲ್ಲಿ ಓಲಿಂಡಾ ಆಂಟಿ, ದಾರಿಗೆಂದು ಚಕ್ಕುಲಿ ಹಿಡಿದು ನಿಂತಿದ್ದರು.

"ಅಯ್ಯೋ, ಎಂತಕ್ಕೆ ಅಳುದು ಮಗಾ?"

"ಹಣ್ಣಾಗ್ಲೇ ಇಲ್ಲ ಆಂಟಿ... ಇದು ಹಣ್ಣಾದ್ರೆ ಫ್ಲೋಯ್ಡ್ ಏನೋ ಕೇಳ್ತೀನಿ ಅಂದಿದ್ರು!"

ಆಂಟಿ ಅವಳನ್ನು ನೋಡಿದರು, ಡಬ್ಬಿ ನೋಡಿದರು. ಮೂರು ದಿನದಿಂದ ಸರಿಯಾಗಿ ಉಣ್ಣದ ಮಗನ ಸಂಕಟ ಈಗ ಅರ್ಥವಾಯಿತು. "ಡಬ್ಬಿ ಹಿಡ್ಕೊಂಡು ಮೇಲೆ ಹೋಗು. ಈಗ್ಲೇ!"

ಬಾಗಿಲು ತೆರೆದ ಫ್ಲೋಯ್ಡ್‌ನ ಮುಂದೆ ಅವಳು ಡಬ್ಬಿ ಚಾಚಿದಳು.

"ಬೇಗ ಕೆಂಪಾಗ್ಲಿ ಅಂತ ಇಟ್ಟೆ. ನಾನು ಹೊರಡೋ ಮುಂಚೆ... ನೀವು ಕೇಳ್ಲಿ ಅಂತ."

ಅವನು ಡಬ್ಬಿಯೊಳಗೆ ಬಗ್ಗಿ ನೋಡಿದ.

"ಸ್ಟ್ರಾಬೆರಿಯನ್ನು... ಅಕ್ಕಿಯಲ್ಲಾ?"

"ಮಾವಿನಕಾಯಿ ಹಣ್ಣಾಗುತ್ತಲ್ಲ!"

"ಇದು ಕಿತ್ತ ಮೇಲೆ ಹಣ್ಣಾಗುದೇ ಇಲ್ಲ ಮಾರಾಯ್ತಿ! ನಾನು ಎಂತ ಗ್ರಹಿಸಿದೆ ಗೊತ್ತುಂಟಾ? ನಾನು ಕೇಳುದೇ ನಿಂಗೆ ಬೇಡ ಅಂತ..."

ಮಾರಾಯ್ರೆ ಹೋಗಿ ಮಾರಾಯ್ತಿ ಬಂದದ್ದು ಅವನಿಗೆ ತಿಳಿಯಲಿಲ್ಲ. ಅವಳಿಗೆ ತಿಳಿಯಿತು. ಮೂರು ದಿನದ ದುಃಖವೆಲ್ಲ ಅಲ್ಲೇ ಇಳಿದುಹೋಯಿತು.

"ಹಾಗಾದ್ರೆ ಈಗ ಕೇಳಲ್ವಾ?"

ಅವನು ಸುಕ್ಕಾದ ಕಾಯಿಯೊಂದನ್ನು ಎರಡು ಹೋಳು ಮಾಡಿ, ಒಂದನ್ನು ಅವಳ ಕೈಯಲ್ಲಿಟ್ಟ. ಇನ್ನೊಂದನ್ನು ತಾನು ಬಾಯಿಗೆ ಹಾಕಿಕೊಂಡ.

"ನನ್ನನ್ನು ಮದುವೆ ಆಗ್ತೀಯಾ ಪ್ರಾರ್ಥನಾ?"

ಅವಳೂ ಬಾಯಿಗೆ ಹಾಕಿಕೊಂಡು ಕಣ್ಣು ಬಿಗಿಯಾಗಿ ಮುಚ್ಚಿದಳು.

"ಅಬ್ಬಾ, ಹುಳಿ!"

"ಅದು ಉತ್ತರವಾ?"

"ಅಲ್ಲ... ಉತ್ತರ, ಹೂಂ." ಅವಳು ಅವನ ಭುಜಕ್ಕೆ ಹಣೆ ಒತ್ತಿದಳು. "ನಾಮಕರಣದ ದಿನವೇ ಅಮ್ಮಂಗೆ ಹೇಳ್ತೀನಿ."

"ಗಿಡದಲ್ಲಿ ಇನ್ನು ಬಿಡುವ ಕಾಯಿ ಎಲ್ಲ ನೀನು ಬರುವವರೆಗೆ ಕಾಯ್ತೇನೆ. ಒಂದನ್ನೂ ಕೀಳುದಿಲ್ಲ."

"ಬೇಡಪ್ಪ, ಕೆಂಪಾದ್ರೆ ಕಿತ್ತು ತಿನ್ನಿ," ಎಂದಳು ಅವಳು ನಗುತ್ತ. "ಅಕ್ಕಿಯಲ್ಲಿ ಮಾತ್ರ ಇಡ್ಬೇಡಿ!"