ಆರೂವರೆಯ ಬೆಳಕು

“ಸ್ವಲ್ಪ ಪಕ್ಕಕ್ಕೆ ಸರೀತೀರಾ? ಕಟ್ಟಡದ ಫೋಟೋ ತೆಗೀಬೇಕು.”

ಬೆರಿಲ್ ಟ್ಯಾಪ್‌ಸ್ಕಾಟ್ ಒದ್ದೆ ದಿಂಬಿನ ಚೀಲವನ್ನು ಹಗ್ಗಕ್ಕೆ ಹಾಕಿ, ಕ್ಲಿಪ್ಪು ಸಿಕ್ಕಿಸಿ, ಆಮೇಲೆ ತಿರುಗಿ ನೋಡಿದಳು. ಅಂಗಳದ ನಡುವೆ ಮೂರು ಕಾಲಿನ ಸ್ಟ್ಯಾಂಡಿನ ಹಿಂದೆ ಉದ್ದನೆಯ ಮನುಷ್ಯನೊಬ್ಬ ಬಗ್ಗಿ ನಿಂತಿದ್ದ. ಕೋಟಿನ ಗುಂಡಿಗಳನ್ನು ಒಂದು ತೂತು ತಪ್ಪಿಸಿ ಹಾಕಿಕೊಂಡಿದ್ದ.

“ಇವನ್ನೂ ತೆಗೀಬೇಕಾ?” ಎಂದು ಬಟ್ಟೆಯ ಸಾಲನ್ನು ತೋರಿಸಿದಳು.

“ತೆಗೆದ್ರೆ ಒಳ್ಳೇದು. ಈ ಗೋಡೆ ಸಾವಿರದ ಆರುನೂರ ಮೂವತ್ತೊಂದನೇ ಇಸವೀದು.”

“ಆಗಲೂ ಜನ ಬಟ್ಟೆ ಒಗೀತಿದ್ರು ಅನ್ಸುತ್ತೆ.”

ಅವನ ಕಿವಿ ಕೆಂಪಾಯಿತು. ತಪ್ಪಾಯಿತು ಎನ್ನುವಂತೆ ಟೋಪಿ ಮುಟ್ಟಿಕೊಂಡು, ಆರುವವರೆಗೆ ಕಾಯುತ್ತೇನೆ ಎಂದ. ಜನವರಿ ತಿಂಗಳಲ್ಲಿ, ಅದೂ ಆಶ್‌ಕೂಮ್‌ನಂಥ ಊರಿನಲ್ಲಿ, ದಿಂಬಿನ ಚೀಲ ಆರುವುದನ್ನು ಕಾಯುತ್ತೇನೆ ಎನ್ನುವವನು ಒಂದೋ ಪೆದ್ದ, ಇಲ್ಲವೇ ಮನೆಗೆ ಹೋಗಲು ಮನಸ್ಸಿಲ್ಲದವನು. ಬೆರಿಲ್ ಕಿಟಕಿಯ ಪರದೆಯ ಸಂದಿಯಿಂದ ಮೂರು ಸಲ ಇಣುಕಿದಳು. ನಾಲ್ಕನೇ ಸಲ ಇಣುಕುವ ಬದಲು ಒಂದು ಮಗ್ಗು ಟೀ ಹಿಡಿದು ಹೊರಗೆ ಬಂದಳು.

ಅವನ ಹೆಸರು ನೆವಿಲ್ ಕೋಕರ್. ಮೂವತ್ತನಾಲ್ಕು ವರ್ಷ ಅದೇ ಊರಿನಲ್ಲಿ ಬಸ್ ಓಡಿಸಿ ನಿವೃತ್ತನಾದವನು. ಈಗ ಹಳೆಯ ಕಟ್ಟಡ, ಹಳೆಯ ಬಸ್ಸು, ಸಂತೆ, ಅಂಗಡಿಸಾಲು ಎಲ್ಲದರ ಫೋಟೋ ತೆಗೆಯುತ್ತ ತಿರುಗುತ್ತಿದ್ದ. ಆ ವರ್ಷ ಪೆರಿಮನ್ ಅಂಗಳದ ಟ್ರಸ್ಟಿನವರು ಊರಿನ ಚಿತ್ರಗಳ ಒಂದು ಕ್ಯಾಲೆಂಡರ್ ಮಾಡಿಕೊಡು ಎಂದು ಅವನಿಗೆ ಹೇಳಿದ್ದರು.

ಪೆರಿಮನ್ ಅಂಗಳವೆಂದರೆ ಕಲ್ಲಿನ ಹತ್ತು ಪುಟ್ಟ ಮನೆಗಳು, ಸುತ್ತ ಎತ್ತರದ ಗೋಡೆ, ಒಂದೇ ಗೇಟು. ಪೆರಿಮನ್ ಎಂಬ ಉಣ್ಣೆ ವ್ಯಾಪಾರಿ ಸಾಯುವ ಮುಂಚೆ ಹತ್ತು ಮಂದಿ ಬಡ ವಿಧವೆಯರಿಗಾಗಿ ಕಟ್ಟಿಸಿದ ಧರ್ಮದ ಮನೆಗಳು. ಮನೆಯ ಜೊತೆಗೆ ನಿಯಮವನ್ನೂ ಬರೆದಿಟ್ಟು ಹೋಗಿದ್ದ ಪುಣ್ಯಾತ್ಮ. ಇಲ್ಲಿರುವವಳು ಒಬ್ಬಳೇ ಇರಬೇಕು. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಗೇಟು ಮುಚ್ಚಿರಬೇಕು, ಆ ಹೊತ್ತಿನಲ್ಲಿ ಒಳಗೆ ಗಂಡಸು ಇರಕೂಡದು. ಮರುಮದುವೆಯಾದವಳು ಮನೆ ಬಿಡಬೇಕು. ನಾನೂರು ವರ್ಷದಲ್ಲಿ ಬದಲಾಗಿದ್ದು ಒಂದೇ, ಬೀಗ ಈಗ ಕರೆಂಟಿನದು, ಗಡಿಯಾರ ಎಂಟು ಹೊಡೆದರೆ ತಾನೇ ಬೀಳುತ್ತಿತ್ತು. ಆಮೇಲೆ ಅದನ್ನು ತೆಗೆಯಬೇಕಾದರೆ ಅಂಗಳ ನೋಡಿಕೊಳ್ಳುವ ವಾರ್ಡನ್ ಹೆಂಗಸನ್ನು ಕರೆಯಬೇಕಿತ್ತು.

ಆರನೇ ನಂಬರಿನ ಮನೆ ಬೆರಿಲ್‌ಳದು. ಗಂಡ ತೀರಿಕೊಂಡ ಮೇಲೆ ಬಾಡಿಗೆ ಮನೆಯ ಮಾಲೀಕ ಮನೆ ಮಾರಿಬಿಟ್ಟಿದ್ದ. ಹದಿನಾಲ್ಕು ತಿಂಗಳು ತಂಗಿಯ ಮಗಳ ಮನೆಯ ಸೋಫಾದ ಮೇಲೆ ಮಲಗಿದ್ದಳು. ಅವರ ಟಿವಿ ನಿಂತ ಮೇಲೆ ಅವಳಿಗೆ ನಿದ್ದೆ, ಅವರು ಏಳುವ ಮುಂಚೆ ಅವಳಿಗೆ ಬೆಳಗು. ಪೆರಿಮನ್ ಅಂಗಳದ ಕೀಲಿ ಕೈಗೆ ಬಂದ ದಿನ ಬಾಗಿಲು ಹಾಕಿಕೊಂಡು ಒಳಗೆ ಕೂತು ಮನಸಾರೆ ಅತ್ತಿದ್ದಳು. ಅರವತ್ತೇಳನೇ ವಯಸ್ಸಿನಲ್ಲಿ ಅವಳಿಗೆ ಸಿಕ್ಕ ದೊಡ್ಡ ಸುಖವೆಂದರೆ ತನ್ನದೇ ಒಂದು ಬಾಗಿಲು.

ನೆವಿಲ್ ಮುಂದಿನ ಮಂಗಳವಾರವೂ ಬಂದ. ಅದರ ಮುಂದಿನ ಮಂಗಳವಾರವೂ ಬಂದ.

“ಇನ್ನೂ ಎಷ್ಟು ಫೋಟೋ ಬೇಕ್ರಿ ಈ ಗೋಡೇದು?” ಐದನೇ ನಂಬರಿನ ಪರ್ಲ್ ಅಜ್ಜಿ ಬಾಗಿಲಲ್ಲೇ ಕೂತು ಕೇಳಿದಳು. ಎಂಬತ್ತಮೂರರ ಪರ್ಲ್‌ಗೆ ಕಿವಿ ಮಂದ, ಬಾಯಿ ಮಾತ್ರ ಚುರುಕು. “ಗೋಡೆ ಅಲ್ಲೇ ಇರುತ್ತಪ್ಪ, ಓಡಿ ಹೋಗಲ್ಲ!”

“ಬೆಳಕು ಸರಿ ಇರ್ಲಿಲ್ಲ.”

“ಬೆಳಕು ಆರನೇ ನಂಬರಲ್ಲಿದೆ, ಹೋಗು.”

ಬೆರಿಲ್ ನಾಲಿಗೆ ಕಚ್ಚಿಕೊಂಡು ಒಳಗೆ ಓಡಿದಳು. ಒಳಗೆ ಹೋದವಳು ಕನ್ನಡಿಯ ಮುಂದೆ ನಿಂತು ಕೂದಲು ಸರಿಮಾಡಿಕೊಂಡಳು. ಯಾಕೆ ಎಂದು ತನ್ನನ್ನೇ ಕೇಳಿಕೊಳ್ಳುವ ಧೈರ್ಯ ಅವಳಿಗಿರಲಿಲ್ಲ.

ಆಮೇಲೆ ಬಸ್ಸಿನ ಓಡಾಟ ಶುರುವಾಯಿತು. ಇಬ್ಬರ ಹತ್ತಿರವೂ ಹಿರಿಯರ ಪಾಸು. ಎರಡಂತಸ್ತಿನ ಬಸ್ಸಿನ ಮೇಲಂತಸ್ತಿನಲ್ಲಿ, ಮುಂದಿನ ಗಾಜಿಗೆ ಹತ್ತಿದ ಸೀಟಿನಲ್ಲಿ ಕೂತು ಸುತ್ತಮುತ್ತಲಿನ ಊರುಗಳಿಗೆಲ್ಲ ಹೋಗುತ್ತಿದ್ದರು. ನೆವಿಲ್, ಬಿಂಗೋ ಆಟದ ಹಾಲ್ ಆಗಿಹೋದ ಹಳೆಯ ಟಾಕೀಸು, ಹಸಿರು ಟೈಲ್ಸಿನ ಮಾಂಸದಂಗಡಿ, ಗಂಟೆ ತಪ್ಪು ತೋರಿಸುವ ಬಸ್ ಸ್ಟೇಷನ್ ಗಡಿಯಾರ ಇವನ್ನೆಲ್ಲ ತೆಗೆಯುತ್ತಿದ್ದ. ಪ್ರತಿಸಲವೂ ಜನ ಪಕ್ಕಕ್ಕೆ ಹೋಗಲೆಂದು ಕಾಯುತ್ತಿದ್ದ.

“ಜನ ಇಲ್ದಿದ್ರೆ ಬಸ್ ಸ್ಟಾಪ್ ಯಾಕ್ರೀ ಬೇಕು?” ಎಂದಳು ಬೆರಿಲ್ ಒಂದು ದಿನ. “ಆ ಹೆಂಗಸು ಚಿಪ್ಸಿಗೆ ವಿನಿಗರ್ ಹಾಕ್ಕೊಳ್ತಿದ್ದಾಳಲ್ಲ, ಅವಳನ್ನ ತೆಗೀರಿ.”

ಅವನು ತೆಗೆದ. ಅವತ್ತಿನಿಂದ ಅವನ ಫೋಟೋಗಳಲ್ಲಿ ಜನ ಬಂದರು. ಮೀನಂಗಡಿಯ ಕ್ಯೂ, ಬಸ್ಸಿಗೆ ಕೈ ಚಾಚಿ ಓಡುವ ದಪ್ಪ ಪಾದ್ರಿ, ಮಳೆಯಲ್ಲಿ ಒಂದೇ ಪ್ಲಾಸ್ಟಿಕ್ ಚೀಲವನ್ನು ಇಬ್ಬರೂ ತಲೆಗೆ ಹಿಡಿದ ಅಕ್ಕತಂಗಿಯರು.

ಬಸ್ಸು ಸುರಂಗದಂಥ ಮರಗಳ ಕೆಳಗೆ ಹೋಗುವಾಗ ಮುಂದಿನ ಗಾಜು ಕನ್ನಡಿಯಾಗುತ್ತಿತ್ತು. ಅದರಲ್ಲಿ ನೆವಿಲ್ ತನ್ನನ್ನೇ ನೋಡುತ್ತಿರುವುದು ಅವಳಿಗೆ ಕಾಣುತ್ತಿತ್ತು. ಅವಳಿಗೆ ಗೊತ್ತಾಯಿತೆಂದು ಹೊಳೆದ ಕೂಡಲೆ ಅವನು ಅಲ್ಲಿಲ್ಲದ ಕಟ್ಟಡವೊಂದನ್ನು ತೋರಿಸಿ ಏನೋ ಹೇಳುತ್ತಿದ್ದ.

“ಎಲ್ಲಿದೆ ಚರ್ಚು?”

“ಹಿಂದೆ ಹೋಯ್ತು.”

“ಸುಳ್ಳ.”

ಹೀಗೆ ನೀವು ಹೋಗಿ ನೀನು ಬಂತು. ಕೈ ಮೇಲೆ ಕೈ ಬಂತು. ಇಷ್ಟೆಲ್ಲ ಆದರೂ ಇಬ್ಬರೂ ಕೂತು ಮಾತಾಡಲು ಆ ಸೀಟು ಬಿಟ್ಟರೆ ಬೇರೆ ಜಾಗವಿರಲಿಲ್ಲ. ನೆವಿಲ್ ಇದ್ದದ್ದು ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ, ಎರಡು ಹೊಲಿಗೆ ಮೆಷಿನ್‌ಗಳ ನಡುವೆ ಮಡಚುವ ಮಂಚ ಹಾಕಿಕೊಂಡು. ಅಕ್ಕ ಅವನ ಬೂಟು ಎಲ್ಲಿರಬೇಕೆಂಬುದನ್ನೂ ತಾನೇ ಹೇಳುವವಳು. ಊರಿನ ಕೌನ್ಸಿಲ್‌ನವರು ಕಡಿಮೆ ಬಾಡಿಗೆಗೆ ಕೊಡುವ ಮನೆಗಳ ಪಟ್ಟಿಯಲ್ಲಿ ಅವನ ಹೆಸರು ಬಂದು ಮೂರು ವರ್ಷವಾಗಿತ್ತು, ಮನೆ ಬಂದಿರಲಿಲ್ಲ. ಬೆರಿಲ್‌ಳ ಮನೆಯಲ್ಲಿ ಟೀ ಕುಡಿಯಬಹುದಿತ್ತು. ಆದರೆ ಏಳೂವರೆಯಾದರೆ ಸಾಕು, ಅವಳ ಕಣ್ಣು ಗಡಿಯಾರಕ್ಕೆ ಅಂಟಿಕೊಳ್ಳುತ್ತಿತ್ತು, ಅವನ ಕೈ ಟೋಪಿ ಹುಡುಕುತ್ತಿತ್ತು. ಅಷ್ಟು ಆಸೆಪಟ್ಟು ಪಡೆದ ಬಾಗಿಲು ಒಳಗಿನಿಂದ ನೋಡಿದರೆ ಜೈಲಿನದರಂತೆ ಕಾಣುತ್ತದೆಂದು ಅವಳಿಗೆ ಆ ಚಳಿಗಾಲದಲ್ಲೇ ಗೊತ್ತಾಗಿದ್ದು.

ಏಪ್ರಿಲ್‌ನ ಒಂದು ಸಂಜೆ ಮಾತಿನಲ್ಲಿ ಹೊತ್ತು ಹೋದದ್ದು ತಿಳಿಯಲಿಲ್ಲ. ಗೇಟಿನ ಬೀಗ ಟಕ್ ಎಂದು ಬಿತ್ತು.

ನೆವಿಲ್ ಎದ್ದು ನಿಂತ. “ವಾರ್ಡನ್‌ನ ಕರೀತೀನಿ.”

ಬೆರಿಲ್ ಅವನ ತೋಳು ಹಿಡಿದುಕೊಂಡಳು. “ಕರೀಬೇಡ,” ಎಂದಳು.

ಬೆಳಿಗ್ಗೆ ಅವಳು ಎದ್ದಾಗ ಅವನು ಕಾಲುಚೀಲದಲ್ಲೇ ಹೊಸ್ತಿಲ ಮೇಲೆ ನಿಂತಿದ್ದ, ಕ್ಯಾಮೆರಾ ಕಣ್ಣಿಗೆ ಹಿಡಿದು. ಎದುರಿನ ಸಾಲು ಮನೆಗಳ ಕಲ್ಲು ಹದವಾಗಿ ಬೆಂದ ಬ್ರೆಡ್ಡಿನ ಬಣ್ಣಕ್ಕೆ ತಿರುಗಿತ್ತು. “ಮೂವತ್ತು ವರ್ಷದಿಂದ ಈ ಗೋಡೆ ನೋಡ್ತಿದ್ದೀನಿ, ಇಂಥ ಬೆಳಕು ನೋಡಿಲ್ಲ,” ಎಂದು ಪಿಸುಗುಟ್ಟಿದ. ಬೆರಿಲ್‌ಗೆ ಗೋಡೆ ಕಾಣಲಿಲ್ಲ. ಕಂಡದ್ದು ಅವನ ಕಾಲುಚೀಲದ ತೂತು. ಎಂಟಕ್ಕೆ ಗೇಟು ತೆರೆದಾಗ ಅವನು ಗೋಡೆಯ ಅಂಚಿನಲ್ಲೇ ಸಾಗಿ ಹೊರಟುಹೋದ. ಯಾರೂ ನೋಡಲಿಲ್ಲ.

ಅವನ ಜೀವನದಲ್ಲೇ ಅಷ್ಟು ಚೆಂದದ ಫೋಟೋ ಬಂದಿರಲಿಲ್ಲ. ಅದನ್ನು ಹೇಗೆ ಬಿಟ್ಟಾನು? ಕ್ಯಾಲೆಂಡರಿನ ಏಪ್ರಿಲ್ ತಿಂಗಳಿಗೆ ಅದನ್ನೇ ಕೊಟ್ಟ. ಬೆರಿಲ್ ಕೂಡ ಹೂಂ ಎಂದಳು. ಇಬ್ಬರೂ ಆ ಚಿತ್ರದಲ್ಲಿ ನೋಡಿದ್ದು ಆ ಬೆಳಗನ್ನು. ಅದರಲ್ಲಿ ಹೊತ್ತೂ ಇದೆಯೆಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಸೆಪ್ಟೆಂಬರಿನಲ್ಲಿ ಚರ್ಚಿನ ಹಾಲಿನಲ್ಲಿ ಕ್ಯಾಲೆಂಡರ್ ಬಿಡುಗಡೆ. ಸ್ಕೋನು ಎಂಬ ಸಣ್ಣ ಬನ್ನು, ಜಾಮು, ದೊಡ್ಡ ಕೆಟಲಿನಲ್ಲಿ ಟೀ. ಏಪ್ರಿಲ್‌ನ ಚಿತ್ರವನ್ನು ದೊಡ್ಡದು ಮಾಡಿಸಿ ಸ್ಟ್ಯಾಂಡಿನ ಮೇಲಿಟ್ಟಿದ್ದರು. ಎಲ್ಲರೂ ಅದರ ಮುಂದೆಯೇ ನಿಂತಿದ್ದರು. ಪರ್ಲ್ ಕೋಲೂರಿಕೊಂಡು ಬಂದು ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು.

“ಅಯ್ಯೋ ದೇವ್ರೇ, ಇದು ನಮ್ಮ ಆರೂವರೆ ಬೆಳಕು!” ಕಿವಿ ಮಂದವಿದ್ದವರ ಗಟ್ಟಿ ದನಿಯಲ್ಲಿ ಇಡೀ ಹಾಲಿಗೆ ಸಾರಿದಳು. “ಸೂರ್ಯ ಚರ್ಚಿನ ಗೋಪುರಕ್ಕೂ ಆ ಹಳೇ ಹೊಗೆ ಚಿಮಣಿಗೂ ಮಧ್ಯೆ ತೂರಿ ಬರ್ತಾನೆ, ಹದಿನೈದೇ ನಿಮಿಷ! ನನ್ನ ಮೊದ್ಲನೇ ಟೀ ಹೊತ್ತಿಗೆ! ಆಮೇಲೆ ಹತ್ತರವರೆಗೂ ಆ ಗೋಡೆ ಮೇಲೆ ನೆರಳೇ. ಹೊರಗಿನೋರು ಯಾರೂ ಇದನ್ನ ನೋಡಿಯೇ ಇಲ್ಲ!”

“ಗೇಟು ತೆಗೆಯೋದು ಎಂಟಕ್ಕಲ್ವಾ?” ಎಂದಳು ವಾರ್ಡನ್, ಬಾಯಲ್ಲಿ ಸ್ಕೋನು ಇಟ್ಟುಕೊಂಡೇ. ಕೇಳಿದ ಮೇಲೆ ಅಗಿಯುವುದನ್ನು ನಿಲ್ಲಿಸಿದಳು.

ಪರ್ಲ್ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅವನು ಯಾರ ಮನೆಗೆ ಬರುತ್ತಾನೆಂಬುದು ಹತ್ತೂ ಬಾಗಿಲಿಗೆ ಗೊತ್ತಿತ್ತು. ಬೆರಿಲ್ ಕೈಯಲ್ಲಿದ್ದ ಟೀಯನ್ನು ಮೇಜಿನ ಮೇಲಿಟ್ಟಳು. ನೆವಿಲ್ ತನ್ನ ಚಿತ್ರದ ಮುಂದೆ ಗರ ಬಡಿದವನಂತೆ ನಿಂತಿದ್ದ.

ಮಾರನೆಯ ದಿನ ಹನ್ನೊಂದು ಗಂಟೆಗೆ ಗೇಟಿನ ಮೇಲಿನ ಕೋಣೆಗೆ ಇಬ್ಬರಿಗೂ ಕರೆ ಬಂತು. ಮೇಜಿನ ಆಚೆ ಮೂವರು ಟ್ರಸ್ಟಿಗಳು. ಅಧ್ಯಕ್ಷ ಬ್ರೂಟನ್ ಮೊದಲು ದನದ ಡಾಕ್ಟರಾಗಿದ್ದವನು, ಕೆಟ್ಟವನಲ್ಲ. ಹಿಂದಿನ ರಾತ್ರಿ ಅವನಿಗೂ ನಿದ್ದೆ ಬಂದಂತಿರಲಿಲ್ಲ.

“ಮಿಸೆಸ್ ಟ್ಯಾಪ್‌ಸ್ಕಾಟ್, ಈ ನಿಯಮ ನಾವು ಬರೆದಿದ್ದಲ್ಲ,” ಎಂದ. ಆಮೇಲೆ ನೆವಿಲ್ ಕಡೆ ತಿರುಗಿ, ಒಂದೊಂದೇ ಮಾತನ್ನು ಎತ್ತಿ ಎದುರಿಗಿಟ್ಟ. “ಈ ಫೋಟೋದವ್ರಿಗೆ ಒಂಥರಾ ಹುಚ್ಚು ಅಂತ ಕೇಳಿದ್ದೀನಿ. ಬೆಳಕಿಗೋಸ್ಕರ ಏನು ಬೇಕಾದ್ರೂ ಮಾಡ್ತಾರಂತೆ. ನೀವು ಬೆಳಿಗ್ಗೆ ಗೋಡೆ ಹಾರಿ ಒಳಗೆ ಬಂದಿರಬೋದು. ಹಂಗೇ ಇರಬೇಕು, ಅಲ್ವಾ?”



“ಹೌದು ಸರ್. ಹಾರಿದೆ,” ಎಂದ ನೆವಿಲ್. ಬೆರಿಲ್ ಕಡೆ ನೋಡಲಿಲ್ಲ. “ಮಿಸೆಸ್ ಟ್ಯಾಪ್‌ಸ್ಕಾಟ್‌ಗೆ ಏನೂ ಗೊತ್ತಿಲ್ಲ. ಪರಿಚಯದವರು, ಅಷ್ಟೆ.”

“ಸರಿ. ಹಾಗಾದ್ರೆ ತಪ್ಪೊಪ್ಪಿಗೆ ಬರೆದುಕೊಡಿ. ಇನ್ಮುಂದೆ ಈ ಅಂಗಳಕ್ಕೆ ಕಾಲಿಡಲ್ಲ ಅಂತಲೂ ಸೇರಿಸಿ. ಮಿಸೆಸ್ ಟ್ಯಾಪ್‌ಸ್ಕಾಟ್ ಅವರ ಮನೆಗೆ ಏನೂ ತೊಂದರೆ ಇಲ್ಲ.”

ಬೆರಿಲ್‌ಗೆ ಮೊದಲು ಅನಿಸಿದ್ದು ಬಚಾವಾದೆ ಎಂದೇ. ಸುಳ್ಳು ಹೇಳುವುದೇಕೆ, ಅವಳಿಗೆ ಆ ಸೋಫಾ ನೆನಪಾಯಿತು, ನಡುರಾತ್ರಿಯ ಟಿವಿ ಸದ್ದು ನೆನಪಾಯಿತು, ಮಡಚಿಟ್ಟ ಕಂಬಳಿ ನೆನಪಾಯಿತು. ನೆವಿಲ್ ಪೆನ್ನು ಕೈಗೆ ತೆಗೆದುಕೊಂಡ. ಟ್ರಸ್ಟಿಯೊಬ್ಬ ಕಾಗದವನ್ನು ಅವನ ಮುಂದೆ ಸರಿಸಿದ. ಅವನು ‘ಅಷ್ಟೆ’ ಎಂದದ್ದು ಅವಳ ಮನೆ ಉಳಿಸಲು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಅದನ್ನು ಕೇಳಿಸಿಕೊಂಡು ಸುಮ್ಮನಿರುವುದು ಆಗಲಿಲ್ಲ. ಆ ಮನೆಯಲ್ಲಿ ಇನ್ನು ಮೇಲೆ ಪ್ರತಿದಿನವೂ ಆ ಮಾತಿನ ಜೊತೆಗೇ ಇರಬೇಕಲ್ಲ.

“ಸರ್,” ಎಂದಳು. “ಆ ಗೋಡೆ ಒಂಬತ್ತಡಿ ಇದೆ. ಇವನು ಬಸ್ ಹತ್ತೋಕೇ ಡ್ರೈವರ್ ಹತ್ರ ಮೆಟ್ಟಿಲು ತಗ್ಗಿಸ್ಕೊಳ್ತಾನೆ.”

ಒಬ್ಬ ಟ್ರಸ್ಟಿ ನಗು ತಡೆಯಲಾಗದೆ ಕೆಮ್ಮಿದ.

“ಬೆರಿಲ್, ಬೇಡ,” ಎಂದ ನೆವಿಲ್.

“ಬಾಯಿ ಮುಚ್ಚು, ನಾನು ಮಾತಾಡ್ತಿದ್ದೀನಿ.” ಅವಳು ಬ್ರೂಟನ್ ಕಡೆ ತಿರುಗಿದಳು. “ಗೇಟು ಬಿತ್ತು. ವಾರ್ಡನ್‌ನ ಕರೀತೀನಿ ಅಂದ. ಕರೀಬೇಡ ಅಂದೋಳು ನಾನು. ನನಗೆ ಇವನ ಮೇಲೆ ಪ್ರೀತಿ ಸರ್. ಇದನ್ನ ನಾನು ಇವನಿಗೇ ಇನ್ನೂ ಹೇಳಿಲ್ಲ, ನಿಮಗೆ ಹೇಳೋ ಹಾಗಾಯ್ತು.”

ಬ್ರೂಟನ್ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದ. “ನಾನು ಒಂದು ದಾರಿ ಮಾಡಿಕೊಟ್ಟಿದ್ದೆ,” ಎಂದ, ಬೇಸರದಿಂದ.

“ಗೊತ್ತು ಸರ್. ನಿಮ್ಮ ಉಪಕಾರ ಮರೆಯಲ್ಲ.”

“ಇಪ್ಪತ್ತೆಂಟು ದಿನದ ನೋಟಿಸು. ಅದಕ್ಕಿಂತ ಹೆಚ್ಚು ನನ್ನ ಕೈಲಿಲ್ಲ.”

ಕೆಳಗೆ ಅಂಗಳದಲ್ಲಿ ಹತ್ತು ಬಾಗಿಲುಗಳಲ್ಲಿ ಒಂಬತ್ತು ತೆರೆದಿದ್ದವು. ಪರ್ಲ್ ಹೊಸ್ತಿಲ ಮೇಲೆ ಕೂತು ಬಿಕ್ಕುತ್ತಿದ್ದಳು. “ನನ್ನ ಹಾಳು ನಾಲ್ಗೆ, ಬೆರಿಲ್, ನನ್ನ ಹಾಳು ನಾಲ್ಗೆ.” ಬೆರಿಲ್ ಬಗ್ಗಿ ಅವಳ ಕೆನ್ನೆ ಒರೆಸಿ, ಒಳಗೆ ಹೋಗಿ ಟೀಗೆ ಇಡು ಎಂದಳು.

ನೆವಿಲ್ ಹಿಂದೆಯೇ ಬಂದ. ಅವನ ಮುಖ ಬಿಳಿಚಿಕೊಂಡಿತ್ತು.

“ಏನ್ ಮಾಡಿಬಿಟ್ಟೆ? ಒಂದು ಸಹಿ ಹಾಕಿದ್ರೆ ಮುಗೀತಿತ್ತು. ನಿನ್ನ ಮನೆ ಬೆರಿಲ್! ನನ್ನ ಕೋಣೇಲಿ ಇಬ್ರು ನಿಂತ್ಕೊಳ್ಳೋಕೂ ಆಗಲ್ಲ. ಅಕ್ಕ ಒಪ್ಪಲ್ಲ. ಕೌನ್ಸಿಲ್‌ನೋರು ಯಾವಾಗ ಕೊಡ್ತಾರೋ. ಚಳಿಗಾಲ ಬರ್ತಿದೆ.”

“ಮುಗೀತಾ?”

“ಇಲ್ಲ.”

“ಹಾಗಾದ್ರೆ ಮುಗಿಸು.”

ಅವನು ಟೋಪಿಯನ್ನು ತಲೆಗೆ ಒತ್ತಿಕೊಂಡ. ಅವಳಿಗೂ ಹೆದರಿಕೆಯೇ. ಹೆದರಿಕೊಂಡೇ ಅವನನ್ನು ನೋಡುತ್ತ ನಿಂತಿದ್ದಳು. ಕಣ್ಣು ಕೆಳಗಿಳಿಸಲಿಲ್ಲ.

“ನೀನು ಕೇಳ್ತೀಯೋ, ನಾನೇ ಕೇಳ್ಬೇಕೋ?” ಎಂದಳು.

ನೆವಿಲ್ ಟೋಪಿ ತೆಗೆದ. ಒಂಬತ್ತು ಬಾಗಿಲುಗಳೂ ಉಸಿರು ಬಿಗಿಹಿಡಿದವು.

“ನನ್ನ ಮದ್ವೆ ಆಗ್ತೀಯಾ?” ಎಂದ. “ಇರೋಕೆ ಜಾಗ ಇಲ್ಲ.”

“ಗೊತ್ತು,” ಎಂದಳು ಬೆರಿಲ್. “ಆಗ್ತೀನಿ.”