ಎಡಗಾಲಿನ ಸ್ವರ

ಸಾಲೋಮನ್ ಗುಂಜಾಳರು ಎಡಗೈಯಲ್ಲಿದ್ದ ಉಕ್ಕಿನ ಗುಂಡುಕೋಲನ್ನು ತಂತಿಗಳ ಮೇಲಿಟ್ಟು, ಬಲಗೈಯಿಂದ ಮೂರು ತಂತಿಗಳನ್ನು ಒಮ್ಮೆಗೇ ಮೀಟಿದರು. ಕೋಲು ಇಟ್ಟಲ್ಲೇ ಇತ್ತು. ಆದರೂ ಮೂರು ಸ್ವರಗಳಲ್ಲಿ ಒಂದು ಮಾತ್ರ ಉಳಿದೆರಡರ ಸಂಗ ಬಿಟ್ಟು, ಅಳು ನುಂಗಿಕೊಂಡ ಗಂಟಲಿನಂತೆ ಮೆಲ್ಲಗೆ ಮೇಲೇರಿ ನಿಂತಿತು. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದ ಅವರ ಹೆಂಡತಿ ರೂತವ್ವ ಬಗ್ಗಿ ವಾದ್ಯದ ಕೆಳಗೆ ನೋಡಿದರು. ಅಲ್ಲಿ ಏನೂ ಇರಲಿಲ್ಲ. ಗಾಲಿಕುರ್ಚಿಯ ಕಾಲುಹಲಗೆಯ ಮೇಲೆ ಗಂಡನ ಎಡಗಾಲು ಎಂದಿನಂತೆ ಸುಮ್ಮನೆ ಬಿದ್ದಿತ್ತು.

"ಕಾಲಿಲ್ಲದ ಕಾಲು ಒತ್ತಿಧಂಗ ಆತಲ್ಲ," ಅಂದರು ರೂತವ್ವ.

ಅದು 2057ರ ಫೆಬ್ರವರಿ. ಧಾರವಾಡದ ಒಂದು ತಾಂತ್ರಿಕ ಕಾಲೇಜಿನ ಪ್ರಯೋಗಾಲಯ. ವಾದ್ಯವನ್ನು ರೂಪಿಸಿದವರು ಅಲ್ಲಿಯ ಪ್ರಾಧ್ಯಾಪಕಿ ಮಂದಾಕಿನಿ ಬಡಿಗೇರ. ನಲವತ್ತೆರಡರ ವಯಸ್ಸು, ಮಾತು ಕಡಿಮೆ, ಕೆಲಸಕ್ಕೆ ಕೂತರೆ ಊಟದ ಡಬ್ಬಿ ಸಂಜೆಗೆ ತೆರೆಯುವ ಸ್ವಭಾವ.

ಪೆಡಲ್ ಸ್ಟೀಲ್ ಗಿಟಾರ್ ನಮ್ಮ ಕಡೆ ಅಪರೂಪದ ವಾದ್ಯ. ಅದನ್ನು ಎದೆಗೆ ತೂಗುಹಾಕಿಕೊಳ್ಳುವುದಿಲ್ಲ. ಮೇಜಿನ ಹಾಗೆ ನಾಲ್ಕು ಕಾಲಿನ ಮೇಲೆ ನಿಂತ ಉದ್ದನೆಯ ಹಲಗೆ, ಅದರ ಮೇಲೆ ಹತ್ತು ತಂತಿ. ಉಕ್ಕಿನ ಕೋಲನ್ನು ತಂತಿಯ ಮೇಲೆ ಜಾರಿಸಿದರೆ ಸಿತಾರಿನ ಮೀಂಡಿನಂತೆ ಸ್ವರ ಹರಿಯುತ್ತದೆ. ಕೆಳಗಿನ ಪೆಡಲ್ ತುಳಿದರೆ ಸರಳುಗಳು ಯಾವುದೋ ಒಂದು ತಂತಿಯನ್ನು ಮಾತ್ರ ಎಳೆದು ಬಿಗಿ ಮಾಡುತ್ತವೆ. ಉಳಿದವು ಇದ್ದ ಶ್ರುತಿಯಲ್ಲೇ ಇರುತ್ತವೆ. ಎರಡು ಕೈ, ಎರಡು ಪಾದ, ಎರಡು ಮೊಣಕಾಲು ಎಲ್ಲವೂ ಒಟ್ಟಿಗೆ ದುಡಿಯಬೇಕು. ಕೈಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವವರಿಗೆ ಇದು ಬೇಗ ಅರ್ಥವಾಗುತ್ತದೆ. ಸಾಲೋಮನ್ನರ ತಂದೆ ಬೆಟಗೇರಿಯ ನೇಕಾರರು. ಮಗ ಮೊದಲು ಚರ್ಚಿನಲ್ಲಿ ಕೀರ್ತನೆಗಳಿಗೆ ಸಾಮಾನ್ಯ ಸ್ಟೀಲ್ ಗಿಟಾರ್ ನುಡಿಸುತ್ತಿದ್ದವರು, ಆಮೇಲೆ ಯಾರೋ ಮಾರಿ ಹೋದ ಹಳೆಯ ಪೆಡಲ್ ವಾದ್ಯವನ್ನು ತಾವೇ ಬಿಚ್ಚಿ ಜೋಡಿಸಿ ಕಲಿತು, ಮೂವತ್ತು ವರ್ಷ ಮದುವೆ ಮನೆ, ರೇಡಿಯೊ, ಭಾವಗೀತೆಯ ಮುದ್ರಣಗಳಲ್ಲಿ ನುಡಿಸಿದ್ದರು. ಐದು ವರ್ಷದ ಹಿಂದೆ ಪಾರ್ಶ್ವವಾಯು ಹೊಡೆಯಿತು. ಎಡಗೈ ಆರು ತಿಂಗಳಿಗೆ ಮರಳಿತು. ಎಡಗಾಲು ಮರಳಲಿಲ್ಲ.

ಮಂದಾಕಿನಿಯ ಆಸೆ ಸರಳವಾಗಿತ್ತು. ಆ ಭಾರದ ವಾದ್ಯದಿಂದ ಸರಳು, ಸ್ಪ್ರಿಂಗು, ಸನ್ನೆಕೋಲುಗಳನ್ನೆಲ್ಲ ತೆಗೆದುಹಾಕಬೇಕು. ಒಂದೊಂದು ತಂತಿಯ ಬುಡಕ್ಕೂ ಕಡಲೆಕಾಳಿನಷ್ಟು ಮೋಟಾರು ಕೂರಿಸಬೇಕು. ತಂತಿಯ ಕೆಳಗೆ ಹಾಯುವ ಬೆಳಕಿನ ಎಳೆ ಅದರ ಕಂಪನವನ್ನು ಅಳೆದು ಶ್ರುತಿಯನ್ನು ಕ್ಷಣಕ್ಷಣಕ್ಕೂ ತಿಳಿಸಬೇಕು. ಹೀಗಾದರೆ ಯಾವ ತಂತಿಯನ್ನು ಯಾವ ಸ್ವರಕ್ಕೆ ಬೇಕಾದರೂ ಏರಿಸಬಹುದು, ಇಳಿಸಬಹುದು. ಅಪ್ಪಣೆ ಕೊಡಲು ಪೆಡಲೇ ಬೇಕಿಲ್ಲ. ಸ್ನಾಯು ಬಿಗಿಯುವಾಗ ಅದರಲ್ಲಿ ಹುಟ್ಟುವ ಅತಿ ಸಣ್ಣ ವಿದ್ಯುತ್ತನ್ನು ಚರ್ಮದ ಮೇಲಿನ ಪಟ್ಟಿಯಿಂದಲೇ ಓದಬಹುದು. ವಾದಕರನ್ನು ಹುಡುಕಿಕೊಂಡು ಆಕೆ ಬೆಟಗೇರಿಗೆ ಹೋದಾಗ ಸಾಲೋಮನ್ ತಮ್ಮ ಕಾಲನ್ನು ತೋರಿಸಿ, "ತಂಗಿ, ತಪ್ಪು ಮನಿಗೆ ಬಂದೀರಿ ನೋಡ್ರಿ," ಅಂದಿದ್ದರು.

"ತೊಡಿಯೊಳಗ ಸ್ವಲ್ಪ ಬಲ ಐತಲ್ರಿ ಕಾಕಾ?"

"ಅದು ಐತಿ."

"ಸಾಕ್ರಿ."

ಹಾಗೆ ತೊಡೆಗೆ ಪಟ್ಟಿ ಬಂತು. ಪಾದದಿಂದ ಒತ್ತುತ್ತಿದ್ದುದನ್ನು ಸಾಲೋಮನ್ ತೊಡೆಯಿಂದ ಒತ್ತಲು ಕಲಿಯತೊಡಗಿದರು. ಆ ಫೆಬ್ರವರಿಯಲ್ಲಿ ರೂತವ್ವ ಕೇಳಿದ್ದು ತೊಡೆ ಏರಿಸಿದ ಆ ಸ್ವರವನ್ನೇ. ಸ್ನಾಯುವಿನ ವಿದ್ಯುತ್ತನ್ನು ಅಳೆಯುವಾಗ ಹೋಲಿಸಿ ನೋಡಲು ದೇಹದಲ್ಲೇ ಒಂದು ಶಾಂತವಾದ ಜಾಗ ಬೇಕಾಗುತ್ತದೆ, ಎತ್ತರ ಅಳೆಯಲು ಸಮನೆಲ ಬೇಕಾಗುವ ಹಾಗೆ. ಆಸ್ಪತ್ರೆಯ ಕಾಗದದಲ್ಲಿ 'ಎಡ ಮೊಣಕಾಲಿನ ಕೆಳಗೆ ಚಲನೆ ಇಲ್ಲ' ಎಂದು ಬರೆದಿತ್ತು. ಅದಕ್ಕಿಂತ ಶಾಂತವಾದ ಜಾಗ ಯಾವುದು? ಮಂದಾಕಿನಿ ಹೋಲಿಕೆಗೆಂದು ಪುಟ್ಟದೊಂದು ಲೋಹದ ಬಿಲ್ಲೆಯನ್ನು ಎಡಗಾಲಿನ ಮೀನಖಂಡಕ್ಕೆ ಅಂಟಿಸಿದರು.

ಎರಡನೆಯ ವಾರದಿಂದ ಒಂದು ಕಿರಿಕಿರಿ ಶುರುವಾಯಿತು. ನುಡಿಸುತ್ತಿರುವಾಗ ಆಗಾಗ ಹತ್ತೂ ತಂತಿಗಳು ಒಟ್ಟಿಗೆ ಕೂದಲೆಳೆಯಷ್ಟು ಮೇಲೇರಿ ಇಳಿಯುತ್ತಿದ್ದವು. ಕಿವಿಗೆ ಅದು ಸಣ್ಣ ನಡುಕದಂತೆ ಕೇಳುತ್ತಿತ್ತು. ಮಂದಾಕಿನಿ ದೀಪಗಳನ್ನು ಆರಿಸಿ ನೋಡಿದರು, ತಂತಿಗಳನ್ನು ಬದಲಿಸಿದರು, ಮೋಟಾರುಗಳನ್ನು ಬಿಚ್ಚಿ ಒರೆಸಿದರು. ನಡುಕ ಹೋಗಲಿಲ್ಲ. ಕೊನೆಗೆ ಎಲ್ಲ ತಂತಿಗಳಿಗೂ ಸಮನಾಗಿ ಬರುವ ಸಂಕೇತವನ್ನು ಕಳೆದುಹಾಕುವ ಒಂದು ಸೋಸುವ ಲೆಕ್ಕವನ್ನು ಬರೆದು ವಾದ್ಯಕ್ಕೆ ತುಂಬಿದರು. ನಡುಕ ನಿಂತಿತು. ಸ್ವರಗಳು ಗಾಜಿನಂತೆ ತಿಳಿಯಾದವು. ಮಾರ್ಚ್ ಕೊನೆಗೆ ವಾದ್ಯವನ್ನು ನೋಡಲು ಒಂದು ತಯಾರಿಕಾ ಸಂಸ್ಥೆಯವರು ಬರುವವರಿದ್ದರು, ಆಕೆಗೆ ನೆಮ್ಮದಿಯಾಯಿತು.

ಸಾಲೋಮನ್ನರಿಗೆ ಆಗಲಿಲ್ಲ. ಎರಡು ದಿನ ನುಡಿಸಿ ಮೂರನೆಯ ದಿನ ಕೋಲನ್ನು ಕೆಳಗಿಟ್ಟರು.

"ಇದು ಬ್ಯಾರೆ ವಾದ್ಯ ಆಗೇತಿ ತಂಗಿ."

"ನಡುಕ ತಗದೀನ್ರಿ, ಅಷ್ಟ."

"ಅದನ್ನ ಯಾಕ ತಗದ್ರಿ? ಅದು ನನ್ನ ಜೋಡಿ ಬರತಿತ್ತು."

"ಜೋಡಿ ಅಂದ್ರ?"

ಸಾಲೋಮನ್ ಕೆಳಗಿಟ್ಟ ಕೋಲನ್ನು ಬೆರಳಿನಿಂದ ಉರುಳಿಸಿದರು. ಹೇಳಿದರೆ ನಗುತ್ತಾರೇನೋ ಎಂಬ ಅಳುಕು ಮುಖದಲ್ಲಿತ್ತು. "ನಾ ಅವಾಗ ಎಡಗಾಲಿಂದ ಮೊದಲನೇ ಪೆಡಲ್ ಎಲ್ಲಿ ಒತ್ತತಿದ್ನಿ, ಅಲ್ಲೇ ನಡಗತಿತ್ತು. ಬ್ಯಾರೆ ಕಡೆ ಅಲ್ಲ. ನೀವು ಮಷೀನಿನ ತಪ್ಪು ಅಂತೀರಿ. ಮಷೀನು ಲಯಕ್ಕ ಸರಿಯಾಗಿ ತಪ್ಪು ಮಾಡತೈತೇನು?"

ಸಾಲೋಮನ್ ಮನೆಗೆ ಹೋದ ಮೇಲೆ ಮಂದಾಕಿನಿ ಹಿಂದಿನ ಹನ್ನೊಂದು ದಿನಗಳ ದಾಖಲೆಯನ್ನು, ಸೋಸದೆ ಇದ್ದ ಹಾಗೇ, ತೆರೆದರು. ಸಾಲೋಮನ್ ನುಡಿಸಿದ ಗೀತೆಗಳನ್ನು ಅವರು ಹಳೆಯ ಕಾಲದಲ್ಲಿ ನುಡಿಸಿದ್ದ ಮುದ್ರಣಗಳ ಪಕ್ಕದಲ್ಲಿಟ್ಟು, ಎಲ್ಲೆಲ್ಲಿ ಮೊದಲ ಪೆಡಲ್ ಬಿದ್ದಿದೆ ಎಂದು ಗುರುತು ಹಾಕುತ್ತ ಹೋದರು. ಇನ್ನೂರ ಹದಿನೆಂಟು ಕಡೆ ಪೆಡಲ್ ಬೀಳಬೇಕಿತ್ತು. ಇನ್ನೂರ ಮೂರು ಕಡೆ ನಡುಕವಿತ್ತು.

ಎಲ್ಲ ತಂತಿಗಳಿಗೂ ಸಮನಾಗಿ ಬರುವ ಸಂಕೇತ ಒಂದೇ ಜಾಗದಿಂದ ಬರಲು ಸಾಧ್ಯ. ಸಮನೆಲವೇ ಅಲುಗಿದರೆ ಎಲ್ಲ ಎತ್ತರಗಳೂ ಒಟ್ಟಿಗೆ ಅಲುಗುತ್ತವೆ. ಆಕೆ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು ಮತ್ತೊಮ್ಮೆ ನೋಡಿದರು. ಮೀನಖಂಡದಿಂದ ವಿದ್ಯುತ್ತು ಬರುತ್ತಿತ್ತು. ಕಾಲನ್ನು ಅಲುಗಿಸಲು ಬೇಕಾದುದರ ನೂರರಲ್ಲಿ ಒಂದು ಪಾಲೂ ಇರಲಿಲ್ಲ. ಆದರೆ ಬರುತ್ತಿತ್ತು.

ಮರುದಿನ ಆಕೆ ಸಾಲೋಮನ್ನರಿಗೆ ಚಿಕಿತ್ಸೆ ಕೊಟ್ಟಿದ್ದ ನರರೋಗ ತಜ್ಞ ನಿರಂಜನ ಕಬ್ಬೂರರ ಬಳಿಗೆ ಹೋದರು. ವೈದ್ಯರು ಆಕೆ ಅಚ್ಚುಹಾಕಿ ತಂದಿದ್ದ ಸಂಕೇತದ ಗೆರೆಗಳನ್ನು ನೋಡಿದರು.

"ಸುಳ್ಳಲ್ಲ ಇದು," ಅಂದರು. "ಆದ್ರ ಅವರಿಗೆ ಹೇಳಬ್ಯಾಡ್ರಿ. ಐದು ವರ್ಷ ಆಗೇತಿ. ಕಾಲು ಹೋತು ಅಂತ ಒಪ್ಪಿಕೊಳ್ಳಾಕ ಅವರಿಗೆ ಎರಡು ವರ್ಷ ಬೇಕಾತು. ರೂತವ್ವನೂ ಒಪ್ಪಿಕೊಂಡಾರ. ಈಗ ಆಸೆ ಹಚ್ಚಿ, ನಾಳೆ ಕಾಲು ಏಳಲಿಲ್ಲ ಅಂದ್ರ?"

ಆ ಮಾತಿನಲ್ಲಿ ತಪ್ಪಿರಲಿಲ್ಲ. ಸಂಸ್ಥೆಯವರು ಬರುವ ದಿನವೂ ಹತ್ತಿರವಾಗಿತ್ತು. ಅವರಿಗೆ ಬೇಕಾದದ್ದು ಗಾಜಿನಂಥ ಸ್ವರದ ವಾದ್ಯ. ಸುಮ್ಮನಿದ್ದರೆ ಎಲ್ಲವೂ ಸಲೀಸು. ಮಂದಾಕಿನಿ ಎರಡು ದಿನ ಸುಮ್ಮನಿದ್ದರು. ಮೂರನೆಯ ದಿನ ಬಸ್ಸು ಹತ್ತಿ ಬೆಟಗೇರಿಗೆ ಹೋಗಿ, ರೂತವ್ವ ಕೊಟ್ಟ ಚಹಾ ಕುಡಿದು, ಗೆರೆಗಳ ಹಾಳೆಯನ್ನು ಇಬ್ಬರ ಮುಂದೆಯೂ ಹಾಸಿದರು.

"ಕಾಲು ನಡೀತೈತಿ ಅಂತ ನಾ ಹೇಳಂಗಿಲ್ಲ ಕಾಕಾ. ನನಗ ಗೊತ್ತಿಲ್ಲ. ಗೊತ್ತಿರೂದು ಇಷ್ಟ. ನೀವು ನುಡಿಸೂವಾಗ ಅದು ಒತ್ತತೈತಿ."

ರೂತವ್ವ ಗಂಡನ ಕಾಲನ್ನೇ ನೋಡುತ್ತಿದ್ದರು. ಐದು ವರ್ಷ ದಿನಕ್ಕೆ ನಾಲ್ಕು ಸಲ ಅದನ್ನು ಎತ್ತಿ ಮಂಚದ ಮೇಲಿಟ್ಟವರು ಅವರು.

"ನಾ ಅದನ್ನ ಬಿಟ್ಟು ಬಿಟ್ಟಿದ್ನಿ," ಅಂದರು ಸಾಲೋಮನ್. "ಅದು ನನ್ನ ಬಿಟ್ಟಿರಲಿಲ್ಲ ಅಂದಂಗಾತು."

ಸಂಸ್ಥೆಯವರಿಗೆ ಮಂದಾಕಿನಿ ತಡವಾಗುತ್ತದೆ ಎಂದು ಬರೆದರು. ಅವರು ಕಾಯಲಿಲ್ಲ.

ಸೋಸುವ ಲೆಕ್ಕವನ್ನು ತೆಗೆದುಹಾಕಿ, ಮೀನಖಂಡಕ್ಕೆ ಹದಿನಾರು ಬಿಲ್ಲೆಗಳ ಹೊಸ ಪಟ್ಟಿ ಹೊಲಿದು, ಹೋಲಿಕೆಯ ಬಿಲ್ಲೆಯನ್ನು ಮೊಣಕಾಲ ಚಿಪ್ಪಿನ ಮೇಲೆ ಕೂರಿಸಿದರು. ಆ ಕ್ಷೀಣ ಸಂಕೇತ ಈಗ, ಮೊದಲ ಪೆಡಲ್ ಎಳೆಯುತ್ತಿದ್ದ ಐದನೆಯ ತಂತಿಯನ್ನು ಮಾತ್ರ ಎಳೆಯುವಂತಾಯಿತು. ಸಾಲೋಮನ್ ಕಾಲಿನಿಂದ ಪ್ರಯತ್ನಿಸಿದ ತಕ್ಷಣ ಸ್ವರ ಏರುತ್ತಿತ್ತು. ಕಣ್ಣಿಗೆ ಕಾಣದ ಪ್ರಯತ್ನ ಕಿವಿಗೆ ಕೇಳುತ್ತಿತ್ತು. ಗುರಿ ತಪ್ಪಿದ್ದೆಷ್ಟು, ಮುಟ್ಟಿದ್ದೆಷ್ಟು ಎಂದು ಐವತ್ತು ವರ್ಷ ಪಳಗಿದ ಕಿವಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ವಾದ್ಯವನ್ನು ಅವರ ಮನೆಗೇ ಸಾಗಿಸಿದರು. ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು. ಸಂಕೇತ ಬಲಿತಂತೆಲ್ಲ ಮಂದಾಕಿನಿ ವಾದ್ಯದ ಸೂಕ್ಷ್ಮತೆಯನ್ನು ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತ ಹೋದರು, ಅದೇ ಸ್ವರಕ್ಕೆ ಕಾಲು ಹೆಚ್ಚು ದುಡಿಯಲಿ ಎಂದು.

ಮಳೆಗಾಲ ಕಳೆದು ದಸರೆಯ ರಜೆ. ಒಂದು ಮಧ್ಯಾಹ್ನ ರೂತವ್ವ ಫೋನ್ ಮಾಡಿದರು. "ಕಾಲಿನ ಹೆಬ್ಬೆರಳು ಅಲುಗತೈತಿ ಏನ ಅಂತ ನೀವ ಬಂದು ನೋಡ್ರಿ. ನನ್ನ ಕಣ್ಣ ನಾ ನಂಬಂಗಿಲ್ಲ." ಮಂದಾಕಿನಿ ಹೋದಾಗ ಕಬ್ಬೂರರೂ ಬಂದಿದ್ದರು. ಅವರು ನೆಲದ ಮೇಲೆ ಮಂಡಿಯೂರಿ ಕೂತು, ಸಾಲೋಮನ್ ನುಡಿಸುವಷ್ಟು ಹೊತ್ತೂ ಆ ಹೆಬ್ಬೆರಳಿಗೆ ಮುಖ ಹತ್ತಿರ ಹಿಡಿದು ನೋಡಿದರು. ಎದ್ದು ನಿಂತು ಕನ್ನಡಕ ಒರೆಸಿಕೊಂಡರು. "ಹೇಳಬ್ಯಾಡ್ರಿ ಅಂದಿದ್ನಿ," ಅಂದರು.

ಸಾಲೋಮನ್ ಓಡಾಡುವಂತೇನೂ ಆಗಲಿಲ್ಲ. ಎರಡು ವರ್ಷಕ್ಕೆ ಊರುಗೋಲು ಹಿಡಿದು ಮನೆಯಿಂದ ಚರ್ಚಿನ ಮೆಟ್ಟಿಲ ತನಕ ನಡೆದರು, ಅಷ್ಟೇ. ಆದರೆ ಕಬ್ಬೂರರ ಆಸ್ಪತ್ರೆಯಲ್ಲಿ, ಆಮೇಲೆ ಗದಗ, ಕೊಪ್ಪಳ, ರಾಯಚೂರುಗಳ ವ್ಯಾಯಾಮ ಚಿಕಿತ್ಸೆಯ ಕೋಣೆಗಳಲ್ಲಿ ಮಂದಾಕಿನಿ ಅದೇ ತತ್ವದ ಮೇಲೆ ಮಾಡಿದ ಮೂರು ತಂತಿಯ ಒಂದು ಪೆಟ್ಟಿಗೆ ಬಂತು. ಸಂಗೀತ ಗೊತ್ತಿಲ್ಲದವರೂ ಅದರ ಮುಂದೆ ಕೂತರು. ಎದ್ದು ನೀರು ತರಲಾಗದ ಹೆಂಗಸು ತನ್ನ ಮಣಿಕಟ್ಟಿನಿಂದ ಒಂದು ಸ್ವರ ಹೊರಡಿಸಿ, ಅದು ತನ್ನದೇ ಎಂದು ನಂಬಲು ಮತ್ತೆ ಮತ್ತೆ ಕೇಳಿಸಿಕೊಂಡಳು.

ಎಲ್ಲರ ತಂತಿಯೂ ನುಡಿಯಲಿಲ್ಲ. ಮೌಲಾಸಾಬ ಎಂಬ ಬಸ್ ಚಾಲಕ ಮೂರು ತಿಂಗಳು ದಿನವೂ ಬಂದು ಕೂತ. ಅವನ ಕೈಯಿಂದ ಏನೂ ಬರಲಿಲ್ಲ. ಮಂದಾಕಿನಿಯೇ ಹೋಗಿ ಅವನಿಗೆ ಹೇಳಬೇಕಾಯಿತು. "ನೀವು ಕಿವಿಗೊಟ್ಟು ಕೇಳಿದ್ರಲ್ರಿ ಅಕ್ಕಾರ," ಅಂದ ಅವನು, ಆಕೆಗೇ ಸಮಾಧಾನ ಹೇಳುವಂತೆ. "ಕೇಳದ ಇಲ್ಲ ಅನ್ನೂದಕ್ಕೂ, ಕೇಳಿ ಇಲ್ಲ ಅನ್ನೂದಕ್ಕೂ ಫರಕ್ ಐತ್ರಿ."

2060ರಲ್ಲಿ ಪತ್ರಿಕೆಯವರೊಬ್ಬರು ಈ ಆವಿಷ್ಕಾರ ಯಾವ ಹೊಸ ಬಿಡಿಭಾಗದಿಂದ ಸಾಧ್ಯವಾಯಿತು ಎಂದು ಕೇಳಿದರು. ಆ ಪ್ರಶ್ನೆ ಮಂದಾಕಿನಿಯನ್ನು ಕೊರೆಯಿತು. ಹೊಸದು ನಿಜವಾಗಿ ಬೇಕಿತ್ತೇ ಎಂದು ಕಾಲೇಜಿನ ಹಳೆಯ ಸಾಮಾನಿನ ಕಪಾಟು ಹುಡುಕಿದಾಗ ವಿದ್ಯಾರ್ಥಿಗಳ ಪ್ರಯೋಗಕ್ಕೆಂದು ತಂದಿದ್ದ ಸ್ನಾಯು ಸಂವೇದಕವೊಂದು ಸಿಕ್ಕಿತು, ಬೆಂಕಿಪೆಟ್ಟಿಗೆಯಷ್ಟು ಹಲಗೆ. ಹಿಂಬದಿಯಲ್ಲಿ ಇಸವಿ ಅಚ್ಚಾಗಿತ್ತು: 2026. ಹೊಸ ಬ್ಯಾಟರಿ ಹಾಕಿ ಬೆಟಗೇರಿಗೆ ಒಯ್ದು, ತಮ್ಮ ಪಟ್ಟಿ, ಬಿಲ್ಲೆಗಳನ್ನೆಲ್ಲ ಬಿಚ್ಚಿಟ್ಟು, ಅದೊಂದನ್ನೇ ಸಾಲೋಮನ್ನರ ಮೀನಖಂಡಕ್ಕೆ ಹಚ್ಚಿದರು. ಕಾಲು ಈಗ ಬಲಿತಿತ್ತು. ಅದಕ್ಕೇ, "ಮೊದಲಿನಷ್ಟು ಸಣ್ಣಗ ಒತ್ರಿ ಕಾಕಾ, ಅಲುಗೂದು ಕಾಣಬಾರದು," ಅಂದರು.

ಕಾಲು ಅಲುಗಲಿಲ್ಲ. ತಂತಿ ಏರಿತು. ಸ್ವಲ್ಪ ಗೊರಗೊರ ಇತ್ತು, ಆದರೆ ತಪ್ಪಿಲ್ಲದೆ ಏರಿತು.

"ಅಂದ್ರ ಈ ಹಲಗಿ ಬಂದ ಕಾಲಕ್ಕನ ಇದು ಕೇಳಿಸತಿತ್ತೇನ್ರಿ?" ಎಂದು ರೂತವ್ವ ಕೇಳಿದರು.

"ಕೇಳಿಸತಿತ್ತು ಕಾಕು. ಹೋತು ಅಂತ ಕಾಗದದಾಗ ಬರದ ಕಾಲಿಗೆ ಯಾರೂ ಇದನ್ನ ಹಚ್ಚಿರಲಿಲ್ಲ."

ಸಾಲೋಮನ್ ಆ ಪುಟ್ಟ ಹಲಗೆಯನ್ನು ಬಿಚ್ಚಿ ಕೈಗೆ ತೆಗೆದುಕೊಂಡು, ಹಿಂಬದಿಯ ಇಸವಿಯನ್ನು ಹೆಬ್ಬೆರಳಿನಿಂದ ಒರೆಸಿ ಓದಿದರು.

"ಆ ವರ್ಷ ನಮ್ಮವ್ವ ಲಕ್ವಾ ಹೊಡದು ಮಲಗಿದ್ಲು," ಅಂದರು. "ಬಲಗೈ ಹೋಗಿತ್ತು. ಇದ ಕ್ವಾಣ್ಯಾಗ. ದಿನಾ ಮುಂಜಾನೆ ನಾನ ಆ ಕೈ ಒರಸತಿದ್ನಿ, ಒರಿಸಿ ಹೊದಿಕಿ ಮ್ಯಾಲೆ ಇಡತಿದ್ನಿ. ನನ್ನ ಕೈಯಾಗ ಅದು ಸುಮ್ಮನ ಇರತಿತ್ತು. ಸುಮ್ಮನ ಐತಿ ಅಂತ ನಾ ತಿಳಕೊಂಡಿದ್ನಿ."