ನಿದ್ದೆ ಮಾಡದ ಊರುಗೋಲು

“ನಿಮ್ಮ ಪ್ರೋಗ್ರಾಮ್‌ಗೆ ನಿದ್ದೇನೇ ಬರಲ್ವಾ?”

ಅವಳು ಊರುಗೋಲನ್ನು ಅವನ ಮೇಜಿನ ಮೇಲೆ ಕುಕ್ಕಿದಳು. ಪ್ರೋಗ್ರಾಮರ್‌ನ ಕೈಯಲ್ಲಿದ್ದ ಕಾಫಿ ಅಂಗಿಗೆ ಚೆಲ್ಲಿತು.

ಮರೆವಿನ ಹಿರಿಯರಿಗಾಗಿ ಇಬ್ಬರೂ ಸೇರಿ ಮಾಡಿದ್ದ ಕೋಲು ಅದು. ರಿಮೋಟ್ ಒತ್ತಿದರೆ ಕೂಗಿ, ತಾನೆಲ್ಲಿದ್ದೇನೆಂದು ಹೇಳಬೇಕು. ಒಳಗಿನ ಸರ್ಕ್ಯೂಟ್ ಬೋರ್ಡ್ ಅವಳದು, ಪ್ರೋಗ್ರಾಮ್ ಅವನದು.

“ವರ್ಷ ಬರಬೇಕಾದ ಬ್ಯಾಟರಿ ಆರೇ ದಿನಕ್ಕೆ ಖಾಲಿ! ಬೆಳಿಗ್ಗೆಯೆಲ್ಲಾ ನಮ್ಮ ತಾತ ಕೋಲು ಹುಡುಕ್ತಾ ಮಂಚದ ಕೆಳಗೆ ತೆವಳಿದ್ದಾರೆ, ಗೊತ್ತಾ?”

“ಚಿಪ್ ಗಾಢ ನಿದ್ದೇಲೇ ಇರುತ್ತೆ ರೀ. ಸೆಕೆಂಡಿಗೊಮ್ಮೆ ಕಣ್ಣುಬಿಟ್ಟು, ಕರೆ ಬಂತಾ ನೋಡಿ, ಮತ್ತೆ ಮಲಗುತ್ತೆ. ಕರೆಂಟ್ ಸೋರ್ತಿರೋದು ನಿಮ್ಮ ಬೋರ್ಡಲ್ಲಿ.”

“ನನ್ನ ಬೋರ್ಡಲ್ಲಾ?!”

ಅವಳ ಕೈ ಸ್ಕ್ರೂಡ್ರೈವರ್‌ನತ್ತ ಹೋಯಿತು. ಅವನು ಕುರ್ಚಿ ಸಮೇತ ಹಿಂದೆ ಸರಿದ.

ಮೂರು ದಿನ ಮಾತಿಲ್ಲ, ಕತೆಯಿಲ್ಲ. ‘ಇವನ ಸೊಕ್ಕು ಮುರೀತೀನಿ’ ಎಂದು ನಾಲ್ಕನೆಯ ದಿನ ಮೀಟರ್ ಹಿಡಿದು ಕುಳಿತಳು. ಚಿಪ್ ನಿಜಕ್ಕೂ ಮಲಗಿತ್ತು, ಪಾಪ! ಬ್ಯಾಟರಿ ಎಷ್ಟು ಉಳಿದಿದೆ ಎಂದು ಅಳೆಯಲು ಅವಳೇ ಹಾಕಿದ್ದ ಎರಡು ರೆಸಿಸ್ಟರ್‌ಗಳು ಮಾತ್ರ ಹಗಲಿರುಳು ಕರೆಂಟ್ ಕುಡಿಯುತ್ತಿದ್ದವು. ಮೆಗಾ ಓಮ್‌ನವು ಹಾಕಬೇಕಾದ ಕಡೆ ಸಾವಿರ ಪಟ್ಟು ಚಿಕ್ಕ ಕಿಲೋ ಓಮ್‌ನವು ಹಾಕಿದ್ದಳು!

ಅಯ್ಯೋ... ಇನ್ನು ಇವನಿಗೆ ಮುಖ ಹೇಗೆ ತೋರಿಸಲಿ?

ಅಷ್ಟರಲ್ಲಿ ಅವನು ಬಾಸ್ ಕೋಣೆಗೆ ನುಗ್ಗುವುದು ಕಂಡಿತು. ‘ಗೊತ್ತಾಗಿಬಿಟ್ಟಿದೆ! ಚಾಡಿ ಹೇಳೋಕೆ ಹೋದ!’ ಹಿಂದೆಯೇ ಓಡಿದಳು.

“ತಪ್ಪು ನನ್ನದೇ ಸಾರ್,” ಅವನ ದನಿ ಕೇಳಿತು. “ಈ ಕೋಲಿನ ಕೆಲಸದಿಂದ ಯಾರನ್ನಾದ್ರೂ ತೆಗೆಯೋದಾದ್ರೆ ನನ್ನನ್ನ ತೆಗೀರಿ. ಅವರಿರಲಿ.”

ಅವಳ ಕಣ್ಣು ತುಂಬಿತು. ಬಾಗಿಲು ದೂಡಿದಳು.

“ಸುಳ್ಳು ಸಾರ್! ತಪ್ಪು ನಂದು!”

“ಅಲ್ಲ, ನಂದು!”

ಬಾಸ್ ತಲೆ ಹಿಡಿದುಕೊಂಡರು. “ಮೊನ್ನೆ ‘ನಂದಲ್ಲ’ ಅಂತ ಜಗಳ, ಇವತ್ತು ‘ನಂದು’ ಅಂತ ಜಗಳ! ಇಬ್ಬರೂ ಸೇರಿ ಸರಿಮಾಡಿ. ಈಗ ಆಚೆ ನಡೀರಿ!”

ಹೊರಗೆ ಇಬ್ಬರೂ ಗೋಡೆಗೊರಗಿ ನಿಂತರು.

“ತಪ್ಪು ನನ್ನ ಬೋರ್ಡಲ್ಲೇ ಅಂತ ನಿಮಗೆ ಮೊದಲೇ ಗೊತ್ತಿತ್ತಾ?”

“ಅವತ್ತೇ ಹೇಳಿದೆನಲ್ಲ. ನೀವು ಸ್ಕ್ರೂಡ್ರೈವರ್ ತಗೊಂಡ್ರಿ!”

ಅವಳಿಗೆ ಅಳುವಿನ ನಡುವೆಯೇ ನಗು ಉಕ್ಕಿತು. “ತಪ್ಪು ಯಾಕೆ ಮೈಮೇಲೆ ಹಾಕ್ಕೊಂಡ್ರಿ?”

“ಆ ಕೋಲು ಅಂದ್ರೆ ನಿಮಗೆ ನಿಮ್ಮ ತಾತ. ನನಗೆ...” ಅವನ ಕಿವಿಗಳು ಕೆಂಪಾದವು.

“ನಿಮಗೆ?”

“...ನೀವು.”

ಅವಳು ಕಣ್ಣೊರೆಸಿಕೊಂಡಳು. “ಇಷ್ಟೆಲ್ಲಾ ಆದ್ಮೇಲೂ ‘ನೀವು’ ಅಂತೀರಲ್ಲ!”

“ಹಾಗಾದ್ರೆ...” ಅವನು ಅವಳತ್ತ ತಿರುಗಿದ. “ನೀನು.”

“ಇನ್ನೊಂದ್ಸಲ ಹೇಳು...”